ರೇಡಾರ್ ನಕ್ಷೆ ಖಾಲಿ, ಅಂಗಳದಲ್ಲಿ ಜಡಿಮಳೆ: ಖಾನಾಪುರದ ಮುಗಿಲನ್ನು ಯಂತ್ರಗಳು ಹೇಗೆ ನೋಡುತ್ತವೆ?

ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಖಾನಾಪುರ ತಾಲ್ಲೂಕಿನ ಘಟ್ಟದಂಚಿನ ಊರುಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ರಾತ್ರಿಯಿಂದ ಮಳೆ ಬಿಟ್ಟಿಲ್ಲ, ಹಳ್ಳ ತುಂಬಿದೆ, ಗದ್ದೆಯ ಬದು ಕಾಣುತ್ತಿಲ್ಲ. ಮೊಬೈಲ್ ತೆಗೆದು ರೇಡಾರ್ ನಕ್ಷೆ ನೋಡಿದರೆ ಕಣಕುಂಬಿ, ಜಾಂಬೋಟಿಯ ಕಡೆ ತೆಳು ಬಣ್ಣ ಬಿಟ್ಟರೆ ಏನೂ ಇಲ್ಲ. ಹಾಗಾದರೆ ರೇಡಾರ್ ಸುಳ್ಳು ಹೇಳುತ್ತಿದೆಯೇ?

ಇಲ್ಲ. ರೇಡಾರ್ ತಾನು ಕಂಡದ್ದನ್ನೇ ಹೇಳುತ್ತಿದೆ. ಆದರೆ ಅದು ನೋಡುತ್ತಿರುವ ಜಾಗ ನಮ್ಮ ಅಂಗಳವಲ್ಲ, ಅಂಗಳದಿಂದ ಸುಮಾರು ಒಂದು ಕಿಲೋಮೀಟರ್ ಮೇಲಿನ ಗಾಳಿ. ಈ ವ್ಯತ್ಯಾಸ ಗೊತ್ತಿಲ್ಲದೆ "ನಕ್ಷೆಯಲ್ಲಿ ಮಳೆಯಿಲ್ಲ, ಸೇತುವೆ ದಾಟಬಹುದು" ಎಂದು ಹೊರಟರೆ ಜೀವಕ್ಕೇ ಕುತ್ತು. ಆದ್ದರಿಂದ ರೇಡಾರ್, ಉಪಗ್ರಹ ಮತ್ತು ಮಳೆಮಾಪಕ ಈ ಮೂರೂ ಏನನ್ನು ನೋಡುತ್ತವೆ, ಏನನ್ನು ನೋಡಲಾರವು ಎಂಬುದನ್ನು ಈ ಬರಹದಲ್ಲಿ ತಿಳಿದುಕೊಳ್ಳೋಣ.

ರೇಡಾರ್ ಮಳೆಯನ್ನು ಕಾಣುವುದು ಹೇಗೆ?

ಬಾವಿಯೊಳಗೆ ಬಗ್ಗಿ ಕೂಗಿದರೆ ನಮ್ಮ ದನಿ ತಿರುಗಿ ಬರುತ್ತದೆ. ರೇಡಾರ್ ಮಾಡುವುದೂ ಇದನ್ನೇ, ಆದರೆ ದನಿಯ ಬದಲು ರೇಡಿಯೋ ಅಲೆ ಬಳಸುತ್ತದೆ. ದೊಡ್ಡ ತಟ್ಟೆಯಂಥ ಆಂಟೆನಾ ಒಂದು ಕ್ಷಣ ಅಲೆಯನ್ನು ಕಳಿಸಿ ಸುಮ್ಮನಾಗಿ ಕಿವಿಗೊಡುತ್ತದೆ. ದಾರಿಯಲ್ಲಿ ಮಳೆಹನಿ, ಆಲಿಕಲ್ಲು ಸಿಕ್ಕರೆ ಅಲೆಯ ತೀರಾ ಸಣ್ಣ ಪಾಲು ಅವಕ್ಕೆ ತಗುಲಿ ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವುದರಿಂದ 75 ಕಿ.ಮೀ. ದೂರದ ಮಳೆಯ ಮಾರ್ದನಿ ಬರಲು ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಸಾಕು.

ಮಾರ್ದನಿ ಎಷ್ಟು ಬಲವಾಗಿದೆ ಎಂಬುದರಿಂದ ಮಳೆಯ ಜೋರು ಅಂದಾಜಾಗುತ್ತದೆ. ಈ ಬಲವನ್ನು ಡಿಬಿಝಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಕ್ಷೆಯಲ್ಲಿ ಕಾಣುವ ನೀಲಿ, ಹಸಿರು, ಹಳದಿ, ಕೆಂಪು ಬಣ್ಣಗಳೆಲ್ಲ ಇದೇ ಅಳತೆಯ ಮೆಟ್ಟಿಲುಗಳು. ಮಾರ್ಷಲ್ ಮತ್ತು ಪಾಮರ್ ಎಂಬ ವಿಜ್ಞಾನಿಗಳು 1948ರಲ್ಲಿ ಕೊಟ್ಟ ಸೂತ್ರದ ಪ್ರಕಾರ 30 ಡಿಬಿಝಡ್ ಅಂದರೆ ಗಂಟೆಗೆ 3 ಮಿ.ಮೀ.ಗಿಂತ ತುಸು ಕಡಿಮೆ ಮಳೆ, 40 ಅಂದರೆ ಸುಮಾರು 11 ಮಿ.ಮೀ., 50 ಅಂದರೆ 50 ಮಿ.ಮೀ. ಹತ್ತಿರ.

ಇನ್ನು ಡಾಪ್ಲರ್ ರೇಡಾರ್ ಅಂದರೇನು? ರೈಲು ಸಿಳ್ಳೆ ಹಾಕುತ್ತ ಹತ್ತಿರ ಬರುವಾಗ ದನಿ ಚೂಪಾಗಿ, ದಾಟಿ ಹೋಗುವಾಗ ಮಂದ್ರವಾಗಿ ಕೇಳುತ್ತದಲ್ಲ, ಆ ಪರಿಣಾಮವನ್ನು 1842ರಲ್ಲಿ ವಿವರಿಸಿದವರು ಕ್ರಿಶ್ಚಿಯನ್ ಡಾಪ್ಲರ್. ಅದೇ ತತ್ವದಿಂದ ಹನಿಗಳು ರೇಡಾರಿನತ್ತ ಬರುತ್ತಿವೆಯೋ, ದೂರ ಸರಿಯುತ್ತಿವೆಯೋ, ಎಷ್ಟು ವೇಗದಲ್ಲಿ ಎಂದು ತಿಳಿಯುತ್ತದೆ. ಅಂದರೆ ಮಳೆಯ ಜೊತೆಗೆ ಗಾಳಿಯ ಓಟವೂ ಕಾಣುತ್ತದೆ.

ನಮ್ಮ ದೇಶದಲ್ಲಿ ಮಳೆ ನೋಡುವ ರೇಡಾರ್‌ಗಳ ಕತೆ ಹಳೆಯದು. ಕೋಲ್ಕತ್ತದ ಡಂಡಂನಲ್ಲಿ 1954ರಲ್ಲಿ ಗುಡುಗು ಮಳೆ ಪತ್ತೆಹಚ್ಚುವ ರೇಡಾರ್ ಬಂತು. 1970ರಲ್ಲಿ ವಿಶಾಖಪಟ್ಟಣದಲ್ಲಿ ಚಂಡಮಾರುತ ನೋಡುವ ರೇಡಾರ್ ನಿಂತಿತು. 2002ರಲ್ಲಿ ಚೆನ್ನೈಗೆ ಡಾಪ್ಲರ್ ರೇಡಾರ್ ಬಂತು. ಮುಂದೆ ಇಸ್ರೋ ರೂಪಿಸಿದ ಡಾಪ್ಲರ್ ರೇಡಾರನ್ನು ಬೆಂಗಳೂರಿನ ಬಿಇಎಲ್ ತಯಾರಿಸಿತು.

ಪಣಜಿಗೂ ಖಾನಾಪುರಕ್ಕೂ ನಡುವೆ ಸಹ್ಯಾದ್ರಿ

ಖಾನಾಪುರ, ಬೆಳಗಾವಿಗೆ ಹತ್ತಿರವಿರುವ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಗೋವಾದ ಪಣಜಿಯದು. ನೇರ ಗೆರೆ ಎಳೆದರೆ ಪಣಜಿಯಿಂದ ಖಾನಾಪುರ ಸುಮಾರು 75 ಕಿ.ಮೀ., ಬೆಳಗಾವಿ ಸುಮಾರು 80 ಕಿ.ಮೀ. ಇಂಥ ರೇಡಾರ್ 250 ಕಿ.ಮೀ. ತನಕ ಮಳೆ ನೋಡಬಲ್ಲದು. ಲೆಕ್ಕದ ಪ್ರಕಾರ ಖಾನಾಪುರ ಅದರ ಕಣ್ಣಳತೆಯಲ್ಲೇ ಇದೆ. ತೊಡಕು ದೂರದ್ದಲ್ಲ, ಎತ್ತರದ್ದು.

ಭೂಮಿ ದುಂಡಗಿದೆ. ರೇಡಾರ್ ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ. ಆದ್ದರಿಂದ ದೂರ ಹೋದಷ್ಟೂ ಕಿರಣ ನೆಲದಿಂದ ಮೇಲಾಗುತ್ತದೆ. ಜೊತೆಗೆ, ಕಟ್ಟಡ ಮರಗಳಿಗೆ ಬಡಿಯದಿರಲಿ ಎಂದು ಕಿರಣವನ್ನು ಸ್ವಲ್ಪ ಮೇಲಕ್ಕೆ ವಾಲಿಸಿಯೇ ಕಳಿಸುತ್ತಾರೆ. ಅರ್ಧ ಡಿಗ್ರಿ ವಾಲಿಸಿದರೆ, 45 ಕಿ.ಮೀ. ದೂರದಲ್ಲಿ ಕಿರಣದ ನಡುಭಾಗ ರೇಡಾರಿಗಿಂತ ಸುಮಾರು 500 ಮೀಟರ್ ಮೇಲಿರುತ್ತದೆ. ಪಣಜಿಯಿಂದ ಅಷ್ಟು ದೂರದಲ್ಲಿ ಇರುವುದು ಏನು? ಚೋರ್ಲಾ ಘಟ್ಟ. ಅಲ್ಲಿನ ಏಣಿನ ಎತ್ತರ ಸುಮಾರು 800 ಮೀಟರ್, ಸುತ್ತಲಿನ ಕೆಲವು ಶಿಖರಗಳು 1,000 ಮೀಟರ್ ದಾಟುತ್ತವೆ. ಅಂದರೆ ಎಲ್ಲಕ್ಕಿಂತ ಕೆಳಗಿನ ಕಿರಣ ಘಟ್ಟಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ.

ಒಂದು ಡಿಗ್ರಿ ವಾಲಿಸಿದರೆ ಕಿರಣದ ಒಂದು ಪಾಲು ಘಟ್ಟ ಸವರಿಕೊಂಡು ಈಚೆ ದಾಟುತ್ತದೆ. ಆದರೆ ಖಾನಾಪುರದ ಮೇಲೆ ಬರುವಷ್ಟರಲ್ಲಿ ಅದು ರೇಡಾರಿಗಿಂತ 1.6 ಕಿ.ಮೀ. ಎತ್ತರದಲ್ಲಿರುತ್ತದೆ. ಖಾನಾಪುರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಊರು. ಅದನ್ನು ಕಳೆದರೂ ಊರಿನ ಹೆಂಚುಗಳಿಂದ ಸುಮಾರು ಒಂದು ಕಿ.ಮೀ. ಮೇಲೆ. ಕಿರಣ ದೂರ ಹೋದಂತೆ ಬ್ಯಾಟರಿ ಬೆಳಕಿನ ಹಾಗೆ ಅಗಲವೂ ಆಗುತ್ತದೆ. ಒಂದು ಡಿಗ್ರಿ ಅಗಲದ ಕಿರಣ 75 ಕಿ.ಮೀ. ದೂರದಲ್ಲಿ 1.3 ಕಿ.ಮೀ. ದಪ್ಪವಾಗಿರುತ್ತದೆ. ಆ ದಪ್ಪದೊಳಗಿನ ಮಳೆಯೆಲ್ಲ ಸರಾಸರಿಯಾಗಿ ಒಂದೇ ಚುಕ್ಕೆಯಾಗಿ ನಕ್ಷೆಗೆ ಬರುತ್ತದೆ.

ಈಗ ಮಳೆಗಾಲದ ಘಟ್ಟವನ್ನು ನೆನೆಸಿಕೊಳ್ಳಿ. ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಸಹ್ಯಾದ್ರಿಗೆ ಅಡ್ಡಬಿದ್ದು ಮೇಲೇರುತ್ತದೆ, ತಣಿದು ಮೋಡವಾಗುತ್ತದೆ. ಮೋಡ ಗುಡ್ಡದ ಮೈಗೇ ಅಂಟಿಕೊಂಡಿರುತ್ತದೆ. ಮೇಲಿನಿಂದ ಬೀಳುವ ಹನಿ ಈ ಮಂಜಿನಂಥ ಮೋಡದೊಳಗಿಂದ ಹಾಯುವಾಗ ಕೊನೆಯ ಕಿಲೋಮೀಟರಿನಲ್ಲೂ ನೀರು ಕೂಡಿಸಿಕೊಂಡು ಬೆಳೆಯುತ್ತದೆ. ಆ ಕೊನೆಯ ಕಿಲೋಮೀಟರೇ ರೇಡಾರ್ ಕಿರಣದ ಕೆಳಗೆ ಉಳಿದುಹೋಗುವ ಭಾಗ.

ಸಣ್ಣ ಹನಿ, ದೊಡ್ಡ ಮಳೆ

ಕಿರಣ ಸರಿಯಾದ ಎತ್ತರದಲ್ಲೇ ಹಾಯ್ದರೂ ಇನ್ನೊಂದು ಸಿಕ್ಕು ಇದೆ. ರೇಡಾರ್ ನೀರನ್ನು ಅಳೆಯುವುದಿಲ್ಲ, ಹನಿಯ ಗಾತ್ರಕ್ಕೆ ಮರುಳಾಗುತ್ತದೆ. ಹನಿಯ ಅಡ್ಡಳತೆ ಮೂರು ಪಟ್ಟು ಹೆಚ್ಚಿದರೆ ಅದರಲ್ಲಿರುವ ನೀರು 27 ಪಟ್ಟು ಹೆಚ್ಚುತ್ತದೆ, ಆದರೆ ಅದು ಕೊಡುವ ಮಾರ್ದನಿ 729 ಪಟ್ಟು ಹೆಚ್ಚುತ್ತದೆ.

ಇದರ ಅರ್ಥ ಏನು? 3 ಮಿ.ಮೀ. ಗಾತ್ರದ ಒಂದೇ ಒಂದು ಹನಿ, 1 ಮಿ.ಮೀ. ಗಾತ್ರದ 729 ಹನಿ, ಇವೆರಡೂ ರೇಡಾರಿಗೆ ಒಂದೇ. ಎರಡೂ ನಕ್ಷೆಯಲ್ಲಿ ಒಂದೇ ಬಣ್ಣ. ಆದರೆ ಎರಡನೆಯದರಲ್ಲಿರುವ ನೀರು ಮೊದಲನೆಯದರ 27 ಪಟ್ಟು!

ಘಟ್ಟದ ಜಡಿಮಳೆಯಲ್ಲಿ ಸಣ್ಣ ಹನಿಗಳು ಲೆಕ್ಕವಿಲ್ಲದಷ್ಟು. ಅದಕ್ಕೇ ಎಲ್ಲೆಡೆಗೂ ಒಂದೇ ಸೂತ್ರ ಹಾಕಿದರೆ ಕಣಕುಂಬಿಯ ಮಳೆ ಕಾಗದದ ಮೇಲೆ ಸೊರಗುತ್ತದೆ. ಈಚಿನ ರೇಡಾರ್‌ಗಳು ಅಡ್ಡ ಮತ್ತು ಉದ್ದ ಎರಡೂ ಬಗೆಯ ಅಲೆ ಕಳಿಸಿ ಹನಿಯ ಆಕಾರ ಗುರುತಿಸುತ್ತವೆ. ಚಿತ್ರಗಳಲ್ಲಿ ಬರೆಯುವಂತೆ ಮಳೆಹನಿ ಕಣ್ಣೀರಿನ ಆಕಾರದಲ್ಲಿ ಇರುವುದಿಲ್ಲ. ಸಣ್ಣ ಹನಿ ದುಂಡಗೆ ಇರುತ್ತದೆ, ದೊಡ್ಡ ಹನಿ ಗಾಳಿಯ ಒತ್ತಡಕ್ಕೆ ಅಡಿ ಚಪ್ಪಟೆಯಾಗಿ ಬೇಕರಿಯ ಬನ್ನಿನಂತಾಗುತ್ತದೆ. ಚಪ್ಪಟೆ ಎಷ್ಟಿದೆ ಎಂದು ತಿಳಿದರೆ ಹನಿಯ ಗಾತ್ರ ತಿಳಿಯುತ್ತದೆ, ಆಗ ಅಂದಾಜು ಸುಧಾರಿಸುತ್ತದೆ. ಕಿರಣದ ಕೆಳಗೆ ಬೀಳುವ ಮಳೆಗೆ ಮಾತ್ರ ಇದೂ ಮದ್ದಲ್ಲ.

ಬೇಸಿಗೆಯಲ್ಲಿ ಅದೇ ರೇಡಾರ್ ನಂಬಿಗಸ್ತ

ಹಾಗಂತ ರೇಡಾರ್ ನಮಗೆ ಕೆಲಸಕ್ಕೆ ಬಾರದ್ದು ಎನ್ನುವಂತಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಮಾತೇ ಬೇರೆ. ಆಗ ನೆಲ ಕಾದು ಮೋಡಗಳು 10ರಿಂದ 15 ಕಿ.ಮೀ. ಎತ್ತರಕ್ಕೆ ಗೋಪುರದಂತೆ ಏಳುತ್ತವೆ. ಅವುಗಳಲ್ಲಿ ದಪ್ಪ ಹನಿ, ಕೆಲವೊಮ್ಮೆ ಆಲಿಕಲ್ಲು. ಘಟ್ಟದ ಮೇಲಿಂದ ಹಾಯುವ ಕಿರಣಕ್ಕೆ ಇಂಥ ಗೋಪುರದ ನಡುಭಾಗ ಸರಿಯಾಗಿ ಸಿಗುತ್ತದೆ. ಬೆಳಗಾವಿಯ ಮೇಲೆ ಎದ್ದ ಗುಡುಗು ಮೋಡ ಎತ್ತ ಸಾಗುತ್ತಿದೆ, ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದನ್ನು ರೇಡಾರಿನಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸದು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ತತ್‌ಕ್ಷಣದ ಮುನ್ಸೂಚನೆಗೆ ರೇಡಾರ್ ದೊಡ್ಡ ಆಸರೆ.

ಆದ್ದರಿಂದ ಒಂದು ಮಾತು ನೆನಪಿಡಿ: ಬೇಸಿಗೆಯ ಗುಡುಗು ಮಳೆಗೆ ನಕ್ಷೆ ನೋಡಿ ನಂಬಬಹುದು, ಮಳೆಗಾಲದ ಜಡಿಮಳೆಗೆ ನಕ್ಷೆಯೊಂದನ್ನೇ ನೆಚ್ಚಬಾರದು.

ಉಪಗ್ರಹ ಮೇಲಿಂದ ನೋಡುತ್ತದಲ್ಲ, ಅದಕ್ಕೆ ಘಟ್ಟ ಅಡ್ಡವಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ಭಾರತದ ಹವಾಮಾನ ಉಪಗ್ರಹಗಳಾದ ಇನ್ಸಾಟ್-3ಡಿ 2013ರಲ್ಲಿ, ಇನ್ಸಾಟ್-3ಡಿಆರ್ 2016ರಲ್ಲಿ, ಇನ್ಸಾಟ್-3ಡಿಎಸ್ 2024ರ ಫೆಬ್ರವರಿಯಲ್ಲಿ ಮೇಲೇರಿದವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ಅವು ಸದಾ ನಮ್ಮನ್ನೇ ನೋಡುತ್ತಿರುತ್ತವೆ. ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಇರುವುದು ನಮ್ಮ ಹಾಸನದಲ್ಲೇ.

ಅಷ್ಟು ದೂರದಿಂದ ಉಪಗ್ರಹ ಮಳೆಯನ್ನು ಕಾಣುವುದಿಲ್ಲ. ಅದು ಕಾಣುವುದು ಮೋಡದ ನೆತ್ತಿಯನ್ನು, ಅದರ ಬಿಸಿ ಎಷ್ಟು ಎಂಬುದನ್ನು. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಆದ್ದರಿಂದ ನೆತ್ತಿ ಹೆಚ್ಚು ತಣ್ಣಗಿದ್ದರೆ ಮೋಡ ಎತ್ತರದ್ದು, ಎತ್ತರದ್ದಾದರೆ ಮಳೆ ಜೋರಿರಬಹುದು ಎಂಬುದು ಲೆಕ್ಕಾಚಾರ. ಬೇಸಿಗೆಯ ಗೋಪುರ ಮೋಡದ ನೆತ್ತಿ ಸೊನ್ನೆಗಿಂತ 60–70 ಡಿಗ್ರಿ ಕೆಳಗಿರಬಹುದು. ಆದರೆ ಘಟ್ಟದ ಮೋಡ ಹಲವು ಸಲ ಐದಾರು ಕಿ.ಮೀ. ದಾಟುವುದಿಲ್ಲ. ಅದರ ನೆತ್ತಿ ಸೊನ್ನೆ ಡಿಗ್ರಿಯ ಆಸುಪಾಸು. ಉಪಗ್ರಹ ಅದನ್ನು ಸಾಧಾರಣ ಮೋಡ ಎಂದು ಎಣಿಸುತ್ತದೆ, ಕೆಳಗೆ ಆಕಾಶವೇ ಹರಿದಂತೆ ಸುರಿಯುತ್ತಿರುತ್ತದೆ.

ರೇಡಾರ್ ಹೊತ್ತ ಉಪಗ್ರಹವೂ ಇದೆ. ಅಮೆರಿಕದ ನಾಸಾ ಮತ್ತು ಜಪಾನಿನ ಜಾಕ್ಸಾ 2014ರಲ್ಲಿ ಹಾರಿಸಿದ ಜಿಪಿಎಂ ಸುಮಾರು 400 ಕಿ.ಮೀ. ಎತ್ತರದಿಂದ ಮಳೆಯ ಪದರಗಳನ್ನು ಸೀಳಿ ನೋಡುತ್ತದೆ. ಆದರೆ ಅದು ಒಂದೇ ಊರಿನ ಮೇಲೆ ನಿಲ್ಲುವುದಿಲ್ಲ, ಹಾದು ಹೋಗುತ್ತದೆ. ಜೊತೆಗೆ, ನೆಲದಿಂದ ಬರುವ ಬಲವಾದ ಮಾರ್ದನಿ ಕೆಳಗಿನ ಒಂದೆರಡು ಕಿ.ಮೀ. ಮಳೆಯನ್ನು ಮುಚ್ಚಿಹಾಕುತ್ತದೆ. ಗುಡ್ಡಗಾಡಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅಂದರೆ ಪಕ್ಕದಿಂದ ನೋಡಿದರೂ ಮೇಲಿಂದ ನೋಡಿದರೂ ಘಟ್ಟದ ಮಳೆಯ ಕೊನೆಯ ಕಿಲೋಮೀಟರ್ ಮರೆಯಲ್ಲೇ ಉಳಿಯುತ್ತದೆ.

ಕೊನೆಯ ತೀರ್ಪು ಮಳೆಮಾಪಕದ್ದು

ನೆಲಕ್ಕೆ ಬಿದ್ದ ನೀರನ್ನೇ ಹಿಡಿದು ಅಳೆಯುವ ಸಾಧನ ಮಳೆಮಾಪಕ ಮಾತ್ರ. ಅದರಲ್ಲಿ 1 ಮಿ.ಮೀ. ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು, ಒಂದು ಚದರ ಕಿಲೋಮೀಟರಿಗೆ 10 ಲಕ್ಷ ಲೀಟರ್. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ.

ಪಂಚಾಯಿತಿಗೊಂದು ಮಾಪಕ ಯಾಕೆ ಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಬೆಳಗಾವಿ ನಗರಕ್ಕೆ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ. ಅಲ್ಲಿಂದ ನೇರ ಗೆರೆಯಲ್ಲಿ 35 ಕಿ.ಮೀ. ಆಸುಪಾಸಿನ ಕಣಕುಂಬಿಯಲ್ಲಿ ಅದರ ಎರಡು ಮೂರು ಪಟ್ಟು. ಪೂರ್ವಕ್ಕೆ ಸವದತ್ತಿಗೆ ಹೋದರೆ ನಗರದ ಅರ್ಧದಷ್ಟೂ ಇರದು. ನಗರದಲ್ಲಿ ಕೂತು "ಇವತ್ತು ಮಳೆ ಅಷ್ಟೇನಿಲ್ಲ" ಎನ್ನುವ ಹೊತ್ತಿಗೆ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಉಕ್ಕುತ್ತಿರಬಹುದು. ಜಾಂಬೋಟಿ ಬಳಿಯ ಹಬ್ಬನಹಟ್ಟಿಯಲ್ಲಿ ನದಿಯ ಒಡಲಿನಲ್ಲಿರುವ ಆಂಜನೇಯನ ಗುಡಿ ಮುಳುಗಿತೆಂಬ ಸುದ್ದಿ ಮಳೆಗಾಲದಲ್ಲಿ ಕೇಳುತ್ತೇವೆ. ಅದು ಘಟ್ಟದಲ್ಲಿ ಎಷ್ಟು ಮಳೆಯಾಗಿದೆ ಎಂದು ಊರವರು ಹಿಂದಿನಿಂದ ಓದಿಕೊಂಡು ಬಂದ ಮಾಪಕವೂ ಹೌದು. 2019ರ ಆಗಸ್ಟಿನ ನೆರೆಯಲ್ಲಿ ಘಟ್ಟದ ಮಳೆ ಕೆಳಗಿನ ಬಯಲುಸೀಮೆಯ ಊರುಗಳನ್ನು ಹೇಗೆ ಮುಳುಗಿಸಿತು ಎಂಬುದನ್ನು ಮಲಪ್ರಭೆಯ ದಂಡೆಯವರಿಗೆ ಹೇಳಿಕೊಡಬೇಕಿಲ್ಲ.

ಮಾಪಕಕ್ಕೂ ಮಿತಿ ಇದೆ. ಅದು ತಾನು ನಿಂತ ಜಾಗದ ಲೆಕ್ಕ ಮಾತ್ರ ಹೇಳುತ್ತದೆ, ಬೀಳಲಿರುವ ಮಳೆಯನ್ನು ಹೇಳುವುದಿಲ್ಲ. ಬರಲಿರುವುದನ್ನು ತೋರಿಸಲು ರೇಡಾರ್, ಉಪಗ್ರಹಗಳೇ ಬೇಕು. ಅದಕ್ಕೇ ವಿಜ್ಞಾನಿಗಳು ಮೂರನ್ನೂ ಕೂಡಿಸಿ, ಮಾಪಕದ ಅಂಕಿಯಿಂದ ರೇಡಾರಿನ ಅಂದಾಜನ್ನು ತಿದ್ದುತ್ತಾರೆ. ಇನ್ನೊಂದು ದಾರಿ, ರೇಡಾರನ್ನೇ ಘಟ್ಟದ ಮೇಲೆ ಕೂರಿಸುವುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಸಾತಾರಾ ಜಿಲ್ಲೆಯ ಮಾಂಢರದೇವದ ಗುಡ್ಡದ ಮೇಲೆ ಸಣ್ಣ ಎಕ್ಸ್-ಬ್ಯಾಂಡ್ ರೇಡಾರಿನಿಂದ ಸಹ್ಯಾದ್ರಿಯ ಮೋಡಗಳನ್ನು ಅಭ್ಯಾಸ ಮಾಡಿದೆ.

ಕೆಲವು ತಪ್ಪು ತಿಳುವಳಿಕೆಗಳು

ನಕ್ಷೆಯ ಕೆಂಪು ಬಣ್ಣವೇ ರೆಡ್ ಅಲರ್ಟ್?
ಅಲ್ಲ. ನಕ್ಷೆಯ ಕೆಂಪು ಆ ಕ್ಷಣದ ಮಳೆಯ ಜೋರನ್ನು ತೋರಿಸುತ್ತದೆ. ರೆಡ್ ಅಲರ್ಟ್ ದಿನವಿಡೀ ಆಗಬಹುದಾದ ಮಳೆ ಮತ್ತು ಹಾನಿಯ ಅಂದಾಜಿನ ಮೇಲೆ ಕೊಡುವ ಎಚ್ಚರಿಕೆ. ಗಂಟೆಗೆ 10 ಮಿ.ಮೀ. ಮಳೆ ನಕ್ಷೆಯಲ್ಲಿ ಕೆಂಪಾಗುವುದೇ ಇಲ್ಲ. ಆದರೆ ಅದು 24 ಗಂಟೆ ಬಿಡದೆ ಸುರಿದರೆ 240 ಮಿ.ಮೀ. ಆಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಮಳೆ. ಅಂದರೆ ನಕ್ಷೆಯಲ್ಲಿ ಒಮ್ಮೆಯೂ ಕೆಂಪು ಕಾಣದ ಮಳೆಯೇ ಊರು ಮುಳುಗಿಸಬಲ್ಲದು.

ರೇಡಾರ್ ಮೋಡ ಚದುರಿಸುತ್ತದೆಯೇ, ಇಲ್ಲವೇ ಮಳೆ ತರಿಸುತ್ತದೆಯೇ?
ಎರಡೂ ಇಲ್ಲ. ಹವಾಮಾನ ರೇಡಾರ್ ತೀರಾ ಚಿಕ್ಕ ತುಣುಕುಗಳಲ್ಲಿ ಅಲೆ ಕಳಿಸುವುದರಿಂದ ಅದು ಹೊರಬಿಡುವ ಸರಾಸರಿ ಶಕ್ತಿ ಮನೆಯ ಇಸ್ತ್ರಿಪೆಟ್ಟಿಗೆಯಷ್ಟೇ. ಲಕ್ಷಾಂತರ ಟನ್ ನೀರು ಹೊತ್ತ ಮೋಡಕ್ಕೆ ಅದು ಲೆಕ್ಕಕ್ಕೇ ಇಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ವರ್ಷಧಾರೆ ಯೋಜನೆಯಲ್ಲಿ ಮೋಡ ಬಿತ್ತನೆ ಮಾಡಿಸಿದಾಗ ಬೆಂಗಳೂರು, ಗದಗ, ಸುರಪುರಗಳಲ್ಲಿ ರೇಡಾರ್ ನಿಲ್ಲಿಸಿದ್ದರು. ಅವುಗಳ ಕೆಲಸ ಬಿತ್ತನೆಗೆ ತಕ್ಕ ಮೋಡ ಹುಡುಕುವುದಷ್ಟೇ. ಬಿತ್ತಿದ್ದು ವಿಮಾನ.

ಮೋಡದ ಹಿಂದೆ ಇರುವುದು ರೇಡಾರಿಗೆ ಕಾಣುವುದಿಲ್ಲವೇ?
ಅಲೆಯ ಉದ್ದದ ಮೇಲೆ ಹೋಗುತ್ತದೆ. ಸುಮಾರು 10 ಸೆಂ.ಮೀ. ಉದ್ದದ ಎಸ್-ಬ್ಯಾಂಡ್ ಅಲೆ ಮೋಡ, ಮಳೆ ಎರಡನ್ನೂ ಸಲೀಸಾಗಿ ದಾಟುತ್ತದೆ. ಸುಮಾರು 3 ಸೆಂ.ಮೀ. ಉದ್ದದ ಎಕ್ಸ್-ಬ್ಯಾಂಡ್ ಅಲೆ ಜೋರು ಮಳೆಯಲ್ಲಿ ಸೊರಗಿ, ಹಿಂದಿನ ಮಳೆಯನ್ನು ಕಡಿಮೆ ತೋರಿಸುತ್ತದೆ.

ನಕ್ಷೆಯಲ್ಲಿ ಕಾಣುವುದು ಈ ಕ್ಷಣದ ಮಳೆಯೇ?
ಅಲ್ಲ. ಆಂಟೆನಾ ಬೇರೆ ಬೇರೆ ಕೋನಗಳಲ್ಲಿ ಸುತ್ತಿ ಮುಗಿಸಲು ಸುಮಾರು 10 ನಿಮಿಷ ಬೇಕು. ನಕ್ಷೆ ನಮ್ಮ ಕೈಗೆ ಬರುವಾಗ ಇನ್ನಷ್ಟು ತಡ. ಮೂಲೆಯಲ್ಲಿ ಬರೆದಿರುವ ಸಮಯವನ್ನು ಮೊದಲು ಓದಿ.

ಹಾಗಾದರೆ ನಾವು ಏನು ಮಾಡಬೇಕು?

ಬೇಸಿಗೆಯಲ್ಲಿ ಹೊಲಕ್ಕೆ ಹೊರಡುವ ಮುನ್ನ ರೇಡಾರ್ ನಕ್ಷೆಯ ಹಿಂದಿನ ಒಂದು ಗಂಟೆಯ ಓಟ ನೋಡಿ. ಮೋಡ ನಿಮ್ಮ ಕಡೆ ಬರುತ್ತಿದ್ದರೆ ಕೆಲಸ ಮುಂದೂಡಿ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಇದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರ ಎಂದು ತಿಳಿಯುತ್ತದೆ. ಆದರೆ ಗುಡುಗು ಕೇಳುವಷ್ಟು ಹತ್ತಿರವಿದ್ದರೆ ಸಿಡಿಲು ನಿಮ್ಮನ್ನೂ ಮುಟ್ಟಬಲ್ಲದು, ಎಣಿಸುತ್ತ ಮರದ ಕೆಳಗೆ ನಿಲ್ಲಬೇಡಿ. ಪಕ್ಕಾ ಮನೆಯೊಳಗೆ ಹೋಗಿ.

ಮಳೆಗಾಲದಲ್ಲಿ ನಕ್ಷೆಗಿಂತ ಮೊದಲು ಎರಡು ವಿಷಯ ನೋಡಿ: ಜಿಲ್ಲೆಗೆ ಕೊಟ್ಟಿರುವ ಅಲರ್ಟ್ ಯಾವುದು ಮತ್ತು ಮೇಲಿನ ಊರುಗಳ ಮಾಪಕದಲ್ಲಿ ಬಿದ್ದ ಮಳೆ ಎಷ್ಟು. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕದ್ದು ಎಂಬುದು ನೆನಪಿರಲಿ. ನೀವು ಖಾನಾಪುರದಲ್ಲೋ ಎಂ.ಕೆ. ಹುಬ್ಬಳ್ಳಿಯಲ್ಲೋ ಇದ್ದರೆ ನಿಮ್ಮ ಊರಿನ ಮಳೆಗಿಂತ ಕಣಕುಂಬಿ, ಜಾಂಬೋಟಿಯ ಮಳೆ ನಿಮಗೆ ಮುಖ್ಯ. ಅಲ್ಲಿ ಬಿದ್ದ ನೀರು ನದಿಯ ದಾರಿ ಹಿಡಿದು ನಿಮ್ಮಲ್ಲಿಗೆ ಬರುತ್ತದೆ, ಆಗ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಇರಬಹುದು.

ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಯಾವ ನಕ್ಷೆಯನ್ನೂ ಕೇಳಬೇಡಿ. ರೇಡಾರ್ ಘಟ್ಟದ ಮೇಲಿನ ಗಾಳಿಯನ್ನು ನೋಡುತ್ತಿದೆ, ಉಪಗ್ರಹ ಮೋಡದ ನೆತ್ತಿಯನ್ನು ನೋಡುತ್ತಿದೆ. ಕಾಲ ಬಳಿಯ ನೀರನ್ನು ನೋಡುತ್ತಿರುವವರು ನೀವೊಬ್ಬರೇ. ಅಲ್ಲಿ ನಿಮ್ಮ ಕಣ್ಣನ್ನೇ ನಂಬಿ, ದಾಟದೆ ಹಿಂದಿರುಗಿ.